ಹಡಗು ಯಾರಿಗಾಗಿ ಕಾಯುತ್ತೆ? ಕ್ರೂಸ್ ಹತ್ತಿ ಬಂದರು ಸುತ್ತುವವರಿಗೆ ಒಂದಿಷ್ಟು ಲೆಕ್ಕ

ಹೋದ ವಾರ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುತ್ತಿದ್ದಾಗ ಪರಿಚಯದ ಹಿರಿಯರೊಬ್ಬರು ನಿಲ್ಲಿಸಿ ಮಾತಾಡಿಸಿದರು. ಬೆಂಗಳೂರಲ್ಲಿರುವ ಮಗ ಅಪ್ಪ ಅಮ್ಮನಿಗೆ ಸಿಂಗಾಪುರದಿಂದ ಕ್ರೂಸ್ ಬುಕ್ ಮಾಡಿದ್ದಾನಂತೆ. ನಾಲ್ಕು ರಾತ್ರಿ, ಮಧ್ಯೆ ಪೆನಾಂಗ್ ಮತ್ತು ಫುಕೆಟ್. "ಅಲ್ರೀ ಮೇಡಂ, ಅಷ್ಟು ದುಡ್ಡು ಕಟ್ಟಿದ ಮೇಲೂ ಊರು ತೋರಿಸೋಕೆ ಹಡಗಿನವರು ಬೇರೆ ದುಡ್ಡು ಕೇಳ್ತಾರಂತಲ್ಲ, ಹೌದಾ?"

ಹೌದು. ಕ್ರೂಸ್ ಟಿಕೆಟ್‌ನಲ್ಲಿ ರೂಮು, ಊಟ, ಸಂಜೆಯ ಶೋ, ಈಜುಕೊಳ ಎಲ್ಲ ಬರುತ್ತದೆ. ಬಂದರಿನಲ್ಲಿ ಇಳಿದ ಮೇಲಿನ ಸುತ್ತಾಟ ಬರುವುದಿಲ್ಲ. ಅದಕ್ಕೆ ಹಡಗಿನವರದೇ ಟೂರ್ ಇರುತ್ತದೆ, ಶೋರ್ ಎಕ್ಸ್‌ಕರ್ಷನ್ ಅನ್ನುತ್ತಾರೆ. ಅದನ್ನು ತಗೊಳ್ಳಬಹುದು. ಇಲ್ಲವೇ ಆ ಊರಿನ ಟೂರ್‌ನವರನ್ನೋ ವ್ಯಾನಿನವರನ್ನೋ ಮನೆಯಲ್ಲಿ ಕೂತೇ ಬುಕ್ ಮಾಡಬಹುದು. ಏನೂ ಬುಕ್ ಮಾಡದೆ ಸುಮ್ನೆ ಇಳಿದು ನಡೆಯಲೂಬಹುದು. ಇಳಿಯದೆ ಹಡಗಲ್ಲೇ ಮಲಗಿದರೂ ಯಾರೂ ಕೇಳುವುದಿಲ್ಲ.

ನಾವು ಇದೇ ರೂಟಿನಲ್ಲಿ ಹೋಗಿ ಬಂದವರು. ನಾನು, ನಮ್ಮನೆಯವರು, ನಮ್ಮ ಅತ್ತೆ, ದುರ್ಗದಿಂದ ಅಕ್ಕ, ಭಾವ, ಅವರ ಮಗಳು. ಒಟ್ಟು ಆರು ಜನ. ಒಂದು ಬಂದರಿನಲ್ಲಿ ಸರಿಯಾಗಿ ಆರಿಸಿಕೊಂಡೆವು. ಇನ್ನೊಂದರಲ್ಲಿ ಹಡಗು ತಪ್ಪುವುದು ಸ್ವಲ್ಪದರಲ್ಲಿ ಉಳಿಯಿತು. ಆ ಹಿರಿಯರಿಗೆ ಕೆರೆ ಒಂದು ಸುತ್ತು ಹಾಕುವಷ್ಟರಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಜಾಸ್ತಿ ದುಡ್ಡು ಯಾತಕ್ಕೆ ಅಂತ ತಿಳಿದುಕೊಳ್ಳಿ

ಹಡಗಿನ ಟೂರ್‌ನಲ್ಲಿ ಬರುವ ಬಸ್ಸು, ಗೈಡು ಎಲ್ಲಾ ಆ ಊರಿನವರೇ. ಹಡಗು ಕಂಪನಿ ಅವರ ಹತ್ತಿರ ತಗೊಂಡು, ತನ್ನ ಲಾಭ ಸೇರಿಸಿ ನಮಗೆ ಮಾರುತ್ತದೆ. ಹಾಗಾಗಿ ರೇಟು ಜಾಸ್ತಿ. ಆದರೆ ಆ ರೇಟಿನೊಳಗೆ ಕಣ್ಣಿಗೆ ಕಾಣದ ಒಂದು ಮಾತೂ ಸೇರಿರುತ್ತದೆ. ಅವರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹಡಗು ನಿಮಗಾಗಿ ಕಾಯುತ್ತದೆ. ಕಾಯಲು ಆಗದೇ ಹೋದರೆ ಮುಂದಿನ ಬಂದರಿಗೆ ನಿಮ್ಮನ್ನು ಮುಟ್ಟಿಸುವ ಜವಾಬ್ದಾರಿ ಅವರದು.

ನೀವೇ ಸುತ್ತಲು ಹೋಗಿ ತಡವಾದರೆ ಆ ಮಾತಿಲ್ಲ. ಹತ್ತು ನಿಮಿಷ ಲೇಟಾದರೂ ಹಗ್ಗ ಬಿಚ್ಚಿ ಹೊರಡುತ್ತಾರೆ. ಹಡಗು ಬಂದರಿನಲ್ಲಿ ನಿಂತಷ್ಟು ಹೊತ್ತಿಗೂ ಬಾಡಿಗೆ ಕಟ್ಟಬೇಕು, ಮುಂದಿನ ಬಂದರಿನಲ್ಲಿ ಅದಕ್ಕೆ ಜಾಗ ಇಷ್ಟೇ ಗಂಟೆಗೆ ಅಂತ ಗೊತ್ತಾಗಿರುತ್ತದೆ. ಹರಪನಹಳ್ಳಿ ಬಸ್ಸಿನ ಕಂಡಕ್ಟರು "ಓಡಿ ಬರ್ರಿ, ನಿಲ್ಲಿಸ್ತೀನಿ" ಅಂದ ಹಾಗೆ ಅಲ್ಲಿ ಯಾರೂ ಅನ್ನುವುದಿಲ್ಲ.

ಅಂದ ಮೇಲೆ ಕೇಳಿಕೊಳ್ಳಬೇಕಾದ್ದು, ಈ ಬಂದರಿನಲ್ಲಿ ಆ ಮಾತು ನನಗೆ ಬೇಕಾ ಬೇಡವಾ ಅನ್ನುವುದು. ಎಲ್ಲ ಬಂದರಿಗೂ ಒಂದೇ ಉತ್ತರ ಇಲ್ಲ. ಬ್ರೋಷರ್ ನೋಡಿ ಎಲ್ಲ ಟೂರನ್ನೂ ಒಟ್ಟಿಗೇ ಬುಕ್ ಮಾಡುವುದು ದಂಡ. "ನಾವೇ ಸುತ್ತಿಬಿಡ್ತೀವಿ" ಅಂತ ಎಲ್ಲವನ್ನೂ ಬಿಡುವುದು ಇನ್ನೊಂದು ಥರದ ದಂಡ.

ಹಡಗು ನಿಲ್ಲುವುದು ಎಲ್ಲಿ?

ಕ್ರೂಸ್ ಬ್ರೋಷರ್‌ನಲ್ಲಿ ಇರುವ ಊರಿನ ಹೆಸರನ್ನು ಪೂರ್ತಿ ನಂಬಬೇಡಿ. "ಕೌಲಾಲಂಪುರ" ಅಂತ ಬರೆದಿರುತ್ತದೆ, ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ಅಲ್ಲಿಂದ ನಗರಕ್ಕೆ ರಸ್ತೆಯಲ್ಲಿ ಒಂದು ಗಂಟೆ, ಟ್ರಾಫಿಕ್ ಇದ್ದರೆ ಒಂದೂವರೆ. "ರೋಮ್" ಅಂದರೆ ಚಿವಿತಾವೆಕ್ಕಿಯಾ ಅನ್ನುವ ಬಂದರು, ರೋಮ್‌ನಿಂದ ಎಪ್ಪತ್ತೆಂಬತ್ತು ಕಿಲೋಮೀಟರು ದೂರ. "ಫ್ಲಾರೆನ್ಸ್" ಅಂದರೆ ಲಿವೋರ್ನೋ. ಹರಿಹರದಲ್ಲಿ ಇಳಿಸಿ ದಾವಣಗೆರೆ ಬಂತು ಅಂದರೆ ಸಹಿಸಿಕೊಳ್ಳಬಹುದು. ಇದು ದುರ್ಗದಲ್ಲಿ ಇಳಿಸಿ ದಾವಣಗೆರೆ ಬಂತು ಅಂದ ಹಾಗೆ.

ಪೆನಾಂಗ್ ಇದಕ್ಕೆ ಉಲ್ಟಾ. ಹಡಗು ಸ್ವೆಟನ್‌ಹ್ಯಾಮ್ ಪಿಯರ್‌ಗೆ ಬಂದು ನಿಲ್ಲುತ್ತದೆ, ಅದು ಜಾರ್ಜ್‌ಟೌನ್ ಊರೊಳಗೇ ಇದೆ. ಗೇಟು ದಾಟಿ ರಸ್ತೆಗೆ ಬಂದರೆ ಪೇಟೆ ಶುರು.

ಹಾಗಾಗಿ ಮೊದಲ ಕೆಲಸ ಇದು. ಟಿಕೆಟ್‌ನಲ್ಲಿರುವ ಪ್ರತಿ ಬಂದರಿನ ನಿಜವಾದ ಹೆಸರು ಹುಡುಕಿ. ಮ್ಯಾಪಿನಲ್ಲಿ ಅಲ್ಲಿಂದ ನೀವು ನೋಡಬೇಕೆಂದಿರುವ ಜಾಗಕ್ಕೆ ಎಷ್ಟು ಹೊತ್ತು ಅಂತ ನೋಡಿ. ಭಾನುವಾರ ಬೆಳಿಗ್ಗೆ ಹೊತ್ತಲ್ಲಿ ನೋಡಬೇಡಿ, ನೀವು ವಾಪಸ್ ಬರುವ ಸಂಜೆ ಹೊತ್ತಿನ ಟ್ರಾಫಿಕ್ ನೋಡಿ.

ಇನ್ನೊಂದು ವಿಷಯ, ಹಡಗು ದಡಕ್ಕೆ ತಾಗಿ ನಿಲ್ಲುತ್ತದಾ ಅಥವಾ ಸಮುದ್ರದಲ್ಲೇ ಲಂಗರು ಹಾಕುತ್ತದಾ? ಲಂಗರು ಹಾಕಿದರೆ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅದಕ್ಕೆ ಟೆಂಡರ್ ಅನ್ನುತ್ತಾರೆ. ಟೆಂಡರ್ ಅಂದರೆ ಕ್ಯೂ. ಹಡಗಿನ ಟೂರ್ ತಗೊಂಡವರನ್ನು ಸಾಮಾನ್ಯವಾಗಿ ಮೊದಲು ಇಳಿಸುತ್ತಾರೆ. ಉಳಿದವರಿಗೆ ಟೋಕನ್ ಕೊಟ್ಟು ಕೂರಿಸುತ್ತಾರೆ, ಒಂದು ಗಂಟೆ ಅಲ್ಲೇ ಹೋದರೂ ಹೋಯಿತು. ಮಂಡಿನೋವಿನವರು ಜೊತೆಗಿದ್ದರೆ ಇದನ್ನು ಮರೆಯಬೇಡಿ. ಅಲೆಗೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ, ಸರಿಯಾದ ಹೊತ್ತು ನೋಡಿ ಕಾಲಿಡಬೇಕು. ನಮ್ಮ ಅತ್ತೆಯನ್ನು ಇಬ್ಬರು ಹುಡುಗರು ಎರಡೂ ತೋಳು ಹಿಡಿದು ದಾಟಿಸಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎತ್ತಿನಗಾಡಿ ಹತ್ತುವ ಹಾಗೆ "ಹೂಂ, ಎತ್ರಪ್ಪಾ" ಅಂದರು. ಆ ಹುಡುಗರಿಗೆ ಭಾಷೆ ಗೊತ್ತಿಲ್ಲದಿದ್ದರೂ ಸರಿಯಾಗಿ ಅರ್ಥವಾಯಿತು.

ಗಂಟೆ ಲೆಕ್ಕ ಹಾಕುವುದು

"ಬೆಳಿಗ್ಗೆ 8ಕ್ಕೆ ತಲುಪುತ್ತದೆ, ಸಂಜೆ 6ಕ್ಕೆ ಹೊರಡುತ್ತದೆ" ಅಂತ ಇದ್ದರೆ ನಮಗೆ ಹತ್ತು ಗಂಟೆ ಸಿಕ್ಕಿತು ಅಂತ ಖುಷಿಪಡಬೇಡಿ. ಬೆಂಗಳೂರು ಬಸ್ಸು ಗೊರಗುಂಟೆಪಾಳ್ಯ ಮುಟ್ಟಿದ ಕೂಡಲೇ ಮೆಜೆಸ್ಟಿಕ್ ಬಂದಂತೆ ಅಲ್ಲ, ಅಲ್ವಾ? ಹಾಗೇ ಇದು. 8ಕ್ಕೆ ಹಡಗು ನಿಂತರೂ ಬಂದರಿನ ಅಧಿಕಾರಿಗಳು ಸರಿ ಅನ್ನುವ ತನಕ ಯಾರೂ ಇಳಿಯುವಂತಿಲ್ಲ. ಆಮೇಲೆ ಎರಡು ಮೂರು ಸಾವಿರ ಜನ ಒಂದೇ ಬಾಗಿಲಿಂದ ಇಳಿಯಬೇಕು. ನೀವು ರಸ್ತೆಗೆ ಬರುವಷ್ಟರಲ್ಲಿ 9 ಅಂತ ಇಟ್ಟುಕೊಳ್ಳಿ.

ಅತ್ತ ಕಡೆಯಿಂದ, 6ಕ್ಕೆ ಹೊರಡುವ ಹಡಗಿಗೆ 6ಕ್ಕೆ ಬಂದರೆ ಆಗುವುದಿಲ್ಲ. ಅರ್ಧ ಗಂಟೆ ಅಥವಾ ಒಂದು ಗಂಟೆ ಮೊದಲು "ಆಲ್ ಅಬೋರ್ಡ್" ಅಂತ, ಅಂದರೆ ಎಲ್ಲರೂ ಹಡಗಿನೊಳಗೆ ಇರಬೇಕಾದ ಒಂದು ಸಮಯ ಕೊಟ್ಟಿರುತ್ತಾರೆ. ಅದು 5 ಅನ್ನಿ. ನೀವೇ ಸುತ್ತುವವರಾದರೆ ಅದಕ್ಕೂ ಒಂದೂವರೆ ಗಂಟೆ ಮೊದಲು ಬಂದರಿನ ಹತ್ತಿರ ಇರಬೇಕು. ಅಲ್ಲಿಗೆ 3.30. ಈಗ ಉಳಿದದ್ದು 9ರಿಂದ 3.30, ಆರೂವರೆ ಗಂಟೆ. ಪೋರ್ಟ್ ಕ್ಲಾಂಗ್‌ನಿಂದ ಕೌಲಾಲಂಪುರಕ್ಕೆ ಹೋಗಿ ಬರಲು ಮೂರು ಗಂಟೆ ಕಳೆಯಿರಿ. ಮೂರೂವರೆ ಗಂಟೆಯಲ್ಲಿ ಬಾತು ಗುಹೆ ಮತ್ತು ಜೋಡಿ ಗೋಪುರ ಎರಡೂ ಆಗಬೇಕು. ಬಾತು ಗುಹೆಯಲ್ಲಿ ಸುಬ್ರಹ್ಮಣ್ಯನ ದರ್ಶನಕ್ಕೆ 272 ಮೆಟ್ಟಿಲು ಬೇರೆ. ಒಂದನ್ನು ಬಿಡುವುದೇ ವಾಸಿ.

ಇದನ್ನು ಮನೆಯಲ್ಲೇ, ಒಂದು ಹಾಳೆಯಲ್ಲಿ, ಬಂದರಿಗೊಂದು ಸಾಲಿನಂತೆ ಬರೆದುಕೊಳ್ಳಿ. ಮುಕ್ಕಾಲು ಪಾಲು ತೀರ್ಮಾನ ಆ ಹಾಳೆಯಲ್ಲೇ ಆಗಿಹೋಗುತ್ತದೆ.

ಗಡಿಯಾರದ ಪಂಚಾಯ್ತಿ

ಇಷ್ಟೆಲ್ಲಾ ಲೆಕ್ಕ ಹಾಕಿಯೂ ನಾವು ಎಡವಿದ್ದು ಫುಕೆಟ್‌ನಲ್ಲಿ. ಹಡಗು ಪಟಾಂಗ್ ಬೀಚಿನೆದುರು ಸಮುದ್ರದಲ್ಲಿ ನಿಂತಿತ್ತು. ಆರು ಜನಕ್ಕೆ ಒಂದು ವ್ಯಾನು ಊರಿಂದಲೇ ಬುಕ್ ಮಾಡಿದ್ದೆವು. ಚಾಲೋಂಗ್ ದೇವಸ್ಥಾನ, ಹಳೆಯ ಫುಕೆಟ್ ಪೇಟೆ ನೋಡಿಕೊಂಡು ಪಟಾಂಗ್‌ಗೆ ವಾಪಸ್ ಬಂದಾಗ ನನ್ನ ಫೋನಿನಲ್ಲಿ 3.40. ಕೊನೆಯ ಟೆಂಡರ್ 5.30ಕ್ಕೆ. ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ಮರದ ಕೆಳಗೆ ಕೂತು ತೆಂಗಿನ ಹಾಲಿನ ಅನ್ನ, ಮಾವಿನಹಣ್ಣು ತಗೊಂಡೆವು.

ಅರ್ಧ ತಟ್ಟೆ ಆಗಿತ್ತು. ನಮ್ಮನೆಯವರು ಕೈಗಡಿಯಾರ ನೋಡಿ "ಐದಾಗಕ್ಕೆ ಬಂತು" ಅಂದರು. ಅವರದು ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಎಚ್‌ಎಂಟಿ, ದಿನಾ ಕೀ ಕೊಡುವಂಥದ್ದು. ನನ್ನ ಫೋನಿನಲ್ಲಿ 3.55. "ನಿಮ್ಮ ವಾಚು ಕೆಟ್ಟಿದೆ" ಅಂದೆ. ಅವರು ಕಿವಿಗೆ ಹಿಡಿದು ನೋಡಿದರು, ಓಡುತ್ತಿತ್ತು. ಭಾವನ ಫೋನಲ್ಲೂ 3.55. ಅಕ್ಕನ ಫೋನಲ್ಲೂ ಅದೇ. ಮೂರು ಫೋನಿಗೆ ಒಂದು ವಾಚು. ವೋಟು ಹಾಕಿದ್ದರೆ ವಾಚು ಸೋಲುತ್ತಿತ್ತು.

ಅಕ್ಕನ ಮಗಳು ಬ್ಯಾಗಿನಿಂದ ಹಡಗಿನವರು ಹಿಂದಿನ ರಾತ್ರಿ ರೂಮಿಗೆ ಹಾಕಿದ್ದ ದಿನಚರಿ ಹಾಳೆ ತೆಗೆದಳು. ಅದರಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಹಡಗಿನ ಗಡಿಯಾರ ಸಿಂಗಾಪುರದ ಸಮಯದಲ್ಲೇ ಇರುತ್ತದೆ, ಬದಲಾಯಿಸುವುದಿಲ್ಲ ಅಂತ. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬಂದ ಕೂಡಲೇ ನಮ್ಮ ಫೋನುಗಳು ಅಲ್ಲಿನ ನೆಟ್‌ವರ್ಕ್ ಹಿಡಿದು, ಯಾರನ್ನೂ ಕೇಳದೆ ಒಂದು ಗಂಟೆ ಹಿಂದಕ್ಕೆ ಹೋಗಿದ್ದವು. ಸಿಂಗಾಪುರದಲ್ಲಿ ಇಳಿದಾಗ ಸಮಯ ಸರಿಮಾಡಿಕೊಂಡಿದ್ದ ಎಚ್‌ಎಂಟಿ ಮಾತ್ರ ಹಾಗೇ ಇತ್ತು.

ಅಂದರೆ ನಮಗೆ ಉಳಿದಿದ್ದು ಅರ್ಧ ಗಂಟೆ ಚಿಲ್ಲರೆ. ಮರಳಿನಲ್ಲಿ ಅತ್ತೆಯನ್ನು ನಡೆಸಿಕೊಂಡು ಟೆಂಡರ್ ಕ್ಯೂಗೆ ಸೇರಿದಾಗ ವಾಚಿನಲ್ಲಿ 5.20. ಭಾವ ಕೈಯಲ್ಲಿ ಮಾವಿನಹಣ್ಣಿನ ಡಬ್ಬಿ ಹಿಡಿದೇ ಓಡಿ ಬಂದಿದ್ದರು.

ಆದ್ದರಿಂದ, ಹಡಗು ಹತ್ತಿದ ದಿನವೇ ಕೇಳಿ, ಈ ಪ್ರಯಾಣದಲ್ಲಿ ಹಡಗಿನ ಸಮಯ ಯಾವುದು, ನಡುವೆ ಬದಲಾಗುತ್ತದಾ? ಕೆಲವು ಹಡಗುಗಳು ಬಂದರಿನ ಸಮಯಕ್ಕೆ ಹೊಂದಿಕೊಳ್ಳುತ್ತವೆ, ಕೆಲವು ಇಲ್ಲ. ಮನೆಯಲ್ಲಿ ಒಬ್ಬರಾದರೂ ಕೈಗೆ ಸಾದಾ ಗಡಿಯಾರ ಕಟ್ಟಿಕೊಳ್ಳಿ, ಹಡಗಿನ ಸಮಯಕ್ಕೆ ಇಟ್ಟು ಮುಟ್ಟಬೇಡಿ. ಮಲೇಷ್ಯಾದ ಬಂದರುಗಳಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿಗೂ ಸಿಂಗಾಪುರಕ್ಕೂ ಒಂದೇ ಸಮಯ.

ಯಾವ ಬಂದರಿಗೆ ಯಾವುದು

ಪೆನಾಂಗ್‌ಗೆ ಹಡಗಿನ ಟೂರ್ ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು. ಜಾರ್ಜ್‌ಟೌನ್ 2008ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಹಳೇ ಪೇಟೆ, ಕಾಲ್ನಡಿಗೆಯಲ್ಲಿ ನೋಡುವಂಥದ್ದೇ. ಬಂದರಿನಿಂದ ಸ್ವಲ್ಪ ನಡೆದರೆ ಫೋರ್ಟ್ ಕಾರ್ನ್‌ವಾಲಿಸ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದನಲ್ಲ, ಅದೇ ಕಾರ್ನ್‌ವಾಲಿಸ್. ಕೋಟೆಯ ಗೋಡೆ ತಗ್ಗು. ಭಾವ ಸುತ್ತ ಒಮ್ಮೆ ನೋಡಿ, "ಏನವ್ವಾ, ಇದಕ್ಕೂ ಕೋಟೆ ಅಂತಾರಾ? ನಮ್ಮ ಓಬವ್ವನ ಕಿಂಡಿ ಹತ್ರದ ಒಂದು ಬಂಡೆಯಷ್ಟೂ ಇಲ್ಲ" ಅಂದರು. ಏಳು ಸುತ್ತಿನ ಕೋಟೆ ನೋಡಿ ಬೆಳೆದವರನ್ನು ಬೇರೆ ಊರಿನ ಕೋಟೆಗೆ ಕರೆದುಕೊಂಡು ಹೋಗಬಾರದು.

ಅಲ್ಲಿಂದ ಲಿಟಲ್ ಇಂಡಿಯಾ ಕೂಡ ನಡೆದೇ ಹೋಗಬಹುದು. 1833ರಲ್ಲಿ ಶುರುವಾದ ಮಹಾಮಾರಿಯಮ್ಮನ ಗುಡಿ, ಅದರ ಅಕ್ಕಪಕ್ಕದ ರಸ್ತೆಗಳಲ್ಲಿ ದೋಸೆ, ಬಾಳೆಎಲೆ ಊಟ. ದೋಸೆ ಚೆನ್ನಾಗಿತ್ತು. ಬೆಣ್ಣೆ ದೋಸೆ ತಿಂದ ನಾಲಿಗೆಗೆ ಎಷ್ಟು ಚೆನ್ನಾಗಿರಬೇಕೋ ಅಷ್ಟು. ದೂರದ ಪೆನಾಂಗ್ ಬೆಟ್ಟ, ಕೆಕ್ ಲೋಕ್ ಸಿ ದೇವಸ್ಥಾನಕ್ಕೆ ಗ್ರ್ಯಾಬ್ ಆಪ್‌ನಲ್ಲಿ ಕಾರು ಸಿಗುತ್ತದೆ. ಬೆಟ್ಟದ ಟ್ರೈನಿಗೆ ಉದ್ದನೆಯ ಕ್ಯೂ ಇರುತ್ತದೆ, ಅದನ್ನು ಬೆಳಿಗ್ಗೆಯೇ ಮುಗಿಸಿ. ಹಡಗು ಸಂಜೆ ತಲುಪುವಂತಿದ್ದರೆ ಬೆಟ್ಟ ಬಿಟ್ಟುಬಿಡಿ.

ಫುಕೆಟ್‌ನಲ್ಲಿ ಬೀಚಿನಲ್ಲಿ ಕೂತು ಬರುವುದಾದರೆ ಯಾವ ಟೂರೂ ಬೇಡ. ಪೇಟೆ, ದೇವಸ್ಥಾನ ನೋಡಲು ವ್ಯಾನು ಸಾಕು. ಸ್ಪೀಡ್‌ಬೋಟಿನಲ್ಲಿ ಫಿಫಿ ದ್ವೀಪಕ್ಕೋ ಫಂಗ್ಙಾ ಕೊಲ್ಲಿಗೋ ಹೋಗಬೇಕೆಂದರೆ ಹಡಗಿನ ಟೂರೇ ತಗೊಳ್ಳಿ. ಸಮುದ್ರ ಕೆಟ್ಟರೆ ಬೋಟು ಯಾವಾಗ ವಾಪಸ್ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲೂ ಇಲ್ಲ, ಬೋಟಿನವನ ಕೈಯಲ್ಲೂ ಇಲ್ಲ. ನಮಗೆ ಮುಂಗಾರು ತರುವ ನೈರುತ್ಯ ಗಾಳಿಯೇ ಅಲ್ಲೂ ಬೀಸುವುದು. ಮೇ ತಿಂಗಳಿಂದ ಅಕ್ಟೋಬರ್ ತನಕ ಆ ಕಡೆಯ ಸಮುದ್ರ ಒರಟು. ಅಲೆ ಜಾಸ್ತಿ ಇದ್ದರೆ ಟೆಂಡರ್ ಇಳಿಸದೆ ಹಡಗು ಆ ಬಂದರನ್ನೇ ಬಿಟ್ಟು ಮುಂದೆ ಹೋಗುವುದೂ ಉಂಟು. ಆಗ ಹಡಗಿನ ಟೂರ್ ತಗೊಂಡವರಿಗೆ ದುಡ್ಡು ವಾಪಸ್ ಬರುತ್ತದೆ. ಬೇರೆಯವರ ಹತ್ತಿರ ಮುಂಗಡ ಕಟ್ಟಿದ್ದರೆ ಅವರ ಷರತ್ತಿನ ಮೇಲೆ ನಿಂತಿದೆ.

ಪೋರ್ಟ್ ಕ್ಲಾಂಗ್, ಚಿವಿತಾವೆಕ್ಕಿಯಾ, ಲಿವೋರ್ನೋ ಥರದ ದೂರದ ಬಂದರಿಗೆ, ಅದೂ ಮೊದಲ ಸಲ ಹೋಗುವವರಿಗೆ, ಹಡಗಿನ ಟೂರೇ ಸರಿ. ರೋಮ್‌ಗೆ ರೈಲಿದೆ, ಅಗ್ಗವೂ ಹೌದು. ಆದರೆ ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ, ಮುಷ್ಕರದ ದಿನ ಹಡಗೇನು ನಿಲ್ಲುವುದಿಲ್ಲ. ಕೆಲವು ಹಡಗಿನವರು ಗೈಡ್ ಇಲ್ಲದೆ ಬರೀ ಬಸ್ಸಿನಲ್ಲಿ ಊರಿಗೆ ಬಿಟ್ಟು ವಾಪಸ್ ಕರೆತರುವ ಅಗ್ಗದ ಟಿಕೆಟ್ ಮಾರುತ್ತಾರೆ. ದೂರದ ಬಂದರಿಗೆ ನನಗೆ ತುಂಬಾ ಹಿಡಿಸಿದ್ದು ಅದೇ. ಸುತ್ತುವುದು ನಮ್ಮಿಷ್ಟ, ತಡವಾದರೆ ಜವಾಬ್ದಾರಿ ಅವರದು. ಬುಕ್ ಮಾಡುವಾಗ ಅಂಥದ್ದಿದೆಯಾ ಅಂತ ಕೇಳಿ, ಅವರಾಗಿ ಹೇಳುವುದು ಕಡಿಮೆ.

ಮುಂಬೈಯಿಂದ ಹೊರಡುವ ಹಡಗುಗಳ ಬಗ್ಗೆಯೂ ನಮ್ಮ ಕಡೆ ಈಗ ಜನ ಕೇಳುತ್ತಾರೆ. ಕೊಚ್ಚಿಯಲ್ಲಿ ಟೂರ್ ದಂಡ. ಆಟೋ, ಊಬರ್ ಸಿಗುತ್ತವೆ, ಮಾತೂ ನಡೆಯುತ್ತದೆ. ವಾರ ಮಾತ್ರ ನೋಡಿಕೊಳ್ಳಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ, ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಶನಿವಾರ. ಆಲಪ್ಪುಳದ ಹೌಸ್‌ಬೋಟಿನ ಆಸೆಯನ್ನು ಬೇರೆ ಪ್ರವಾಸಕ್ಕೆ ಇಟ್ಟುಕೊಳ್ಳಿ. ಇನ್ನು ಲಕ್ಷದ್ವೀಪ. ಅಲ್ಲಿಗೆ ಕಾಲಿಡಲು ಭಾರತೀಯರಾದ ನಮಗೂ ಪರ್ಮಿಟ್ ಬೇಕು, ಹಾಗಾಗಿ ಹಡಗಿನವರು ಹೇಳಿದ ಹಾಗೆ ಹೋಗಿ ಬರುವುದೇ.

ಎಷ್ಟು ಜನ, ಎಷ್ಟು ದುಡ್ಡು

ಹಡಗಿನ ಟೂರ್‌ಗೆ ತಲೆಗೆ ಇಷ್ಟು ಅಂತ ರೇಟು. ಹೊರಗಿನ ವ್ಯಾನಿಗೆ ಗಾಡಿಗೆ ಇಷ್ಟು ಅಂತ. ಮದುವೆಗೆ ಹೋಗುವಾಗ ಸೀಟಿನ ಲೆಕ್ಕದಲ್ಲಿ ಹೋಗುವುದಕ್ಕೂ ಇಡೀ ಕ್ರೂಸರ್ ಬಾಡಿಗೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. (ನಮ್ಮ ಕಡೆ ಕ್ರೂಸರ್ ಅಂದರೆ ಹದಿನೈದು ಜನ ತುಂಬುವ ಗಾಡಿ. ಕ್ರೂಸ್‌ಗೆ ಹೋಗುತ್ತಿದ್ದೇವೆ ಅಂದಾಗ ನಮ್ಮ ಕೆಲಸದವಳು "ಯಾವೂರ ಜಾತ್ರೆಗೆ ಅಕ್ಕ?" ಅಂತ ಕೇಳಿದ್ದಳು.)

ಲೆಕ್ಕಕ್ಕೆ ಹೇಳುವುದಾದರೆ, ಹಡಗಿನ ಟೂರ್ ತಲೆಗೆ 70 ಡಾಲರ್ ಅಂದರೆ ಆರು ಜನಕ್ಕೆ 420. ಹೊರಗೆ ಇಡೀ ವ್ಯಾನು 180ಕ್ಕೆ ಸಿಕ್ಕರೆ ಅರ್ಧಕ್ಕಿಂತ ಕಡಿಮೆ. ಅದೇ ಇಬ್ಬರೇ ಹೋದರೆ ಹಡಗಿನದು 140, ವ್ಯಾನು ಅದೇ 180. ಹಾಗಾಗಿ ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಹೊರಗಿನ ವ್ಯಾನು ಅಗ್ಗ ಅಂತ ಯಾರಾದರೂ ಹೇಳಿದರೆ ನಂಬುವ ಮೊದಲು ಕೂಡಿಸಿ ನೋಡಿ. ಪ್ರವೇಶ ಟಿಕೆಟ್, ಊಟ ಸೇರಿದೆಯಾ ಅಂತಲೂ ನೋಡಿ. ವ್ಯಾನಿನ ರೇಟಿನಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ.

ದುಡ್ಡಿಗಿಂತ ನನಗೆ ದೊಡ್ಡದು ಅನ್ನಿಸಿದ್ದು ಅತ್ತೆಯ ಮಂಡಿ. ಹಡಗಿನ ಬಸ್ಸಿನಲ್ಲಿ ನಲವತ್ತು ಜನ, ಗೈಡ್ ಬಾವುಟ ಹಿಡಿದು ಮುಂದೆ ನಡೆಯುತ್ತಾನೆ, ಹಿಂದೆ ಬಿದ್ದವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. ನಡುವೆ ಆಭರಣದ ಅಂಗಡಿಯೋ ರಬ್ಬರ್ ದಿಂಬಿನ ಅಂಗಡಿಯೋ ಬಂದೇ ಬರುತ್ತದೆ. ಸ್ವಂತ ವ್ಯಾನಿನಲ್ಲಿ ಅತ್ತೆಗೆ ಬೇಕಾದಲ್ಲಿ ನಿಲ್ಲಿಸಿದೆವು, ಬಾತ್‌ರೂಮಿಗೆ ಎರಡು ಸಲ ಹೆಚ್ಚಿಗೆ ಇಳಿದೆವು, ಯಾರಿಗೂ ಬೇಜಾರಿಲ್ಲ. ಹಡಗಿನ ಟೂರೇ ಬೇಕಾದರೆ, ಪ್ರತಿ ಟೂರ್ ಪಕ್ಕ ಎಷ್ಟು ನಡೆಯಬೇಕು, ಸುಲಭವೋ ಕಷ್ಟವೋ ಅಂತ ಗುರುತು ಹಾಕಿರುತ್ತಾರೆ. ಅದನ್ನು ಓದಿ ಬುಕ್ ಮಾಡಿ. ಕ್ಯಾನ್ಸಲ್ ಮಾಡುವ ಕೊನೆಯ ಗಡುವೂ ಅಲ್ಲೇ ಇರುತ್ತದೆ.

ಹೊರಗಿನವರನ್ನು ಬುಕ್ ಮಾಡುವಾಗ

ನಾವು ಮೊದಲು ಊರಿನ ಒಬ್ಬ ಏಜೆಂಟ್ ಹತ್ತಿರ ಕೇಳಿದ್ದೆವು. "ಎಲ್ಲಾ ಅಲ್ಲೇ ಸಿಗುತ್ತೆ, ಬರೀ ಅಡ್ವಾನ್ಸ್ ಕೊಡಿ" ಅಂದ. ಯಾರ ವ್ಯಾನು, ಎಲ್ಲಿ ನಿಂತಿರುತ್ತದೆ ಅಂತ ಕೇಳಿದರೆ ಉತ್ತರ ಇಲ್ಲ. ಬಿಟ್ಟು ಬಂದೆವು. ಆಮೇಲೆ ಕ್ಲೂಕ್, ವಯಾಟರ್, ಗೆಟ್‌ಯುವರ್‌ಗೈಡ್ ಥರದ ಆಪ್‌ಗಳಲ್ಲಿ ಹುಡುಕಿದೆವು. ಅಲ್ಲಿ ಬೇರೆಯವರ ಅನುಭವ ಓದಬಹುದು. ಓದುವಾಗ ಎಷ್ಟು ಸ್ಟಾರ್ ಅಂತ ನೋಡುವುದಕ್ಕಿಂತ, ಹಡಗಿನಿಂದ ಇಳಿದು ಹೋದವರು ಬರೆದದ್ದನ್ನು ಹುಡುಕಿ. ಹೋಟೆಲಿನಲ್ಲಿ ಉಳಿದವರ ಅನುಭವ ಬೇರೆ, ಅವರಿಗೆ ಸಂಜೆ ಹಡಗು ಹಿಡಿಯುವ ಗಡಿಬಿಡಿ ಇರುವುದಿಲ್ಲ.

ದುಡ್ಡು ಕಟ್ಟುವ ಮೊದಲು ಅವರಿಗೊಂದು ಮೆಸೇಜ್ ಕಳಿಸಿ. ನಾನು ಕಳಿಸಿದ್ದರ ಸಾರ ಹೀಗಿತ್ತು: "ನಾವು ಇಂಥ ಹಡಗಿನಲ್ಲಿ, ಇಂಥ ದಿನ ಬರುತ್ತೇವೆ. ಹಡಗಿನ ಸಮಯದಲ್ಲಿ ಇಷ್ಟು ಗಂಟೆಗೆ ವಾಪಸ್ ಇರಬೇಕು. ನೀವು ಬಂದರಿನ ಗೇಟಿನ ಒಳಗೆ ನಿಲ್ಲುತ್ತೀರಾ, ಹೊರಗಾ? ಹಡಗು ತಡವಾಗಿ ಬಂದರೆ ಕಾಯುತ್ತೀರಾ? ಹಡಗು ಬಾರದೇ ಹೋದರೆ ದುಡ್ಡು ಪೂರ್ತಿ ವಾಪಸ್ ಕೊಡುತ್ತೀರಾ? ಜೊತೆಗೆ ವಯಸ್ಸಾದವರಿದ್ದಾರೆ, ವ್ಯಾನಿನ ಮೆಟ್ಟಿಲು ಎತ್ತರವಾ?" ಮೂವರಿಗೆ ಕಳಿಸಿದೆ. ಒಬ್ಬರು ಉತ್ತರವೇ ಕೊಡಲಿಲ್ಲ. ಒಬ್ಬರು "ನೋ ಪ್ರಾಬ್ಲಂ" ಅಂತ ಎರಡೇ ಪದ ಬರೆದರು. ಮೂರನೆಯವರು ಒಂದೊಂದಕ್ಕೂ ಉತ್ತರ ಕೊಟ್ಟು, ಹಡಗು ಸಮುದ್ರದಲ್ಲಿ ನಿಲ್ಲುತ್ತದೆ, ನಾವು ಟೆಂಡರ್ ಇಳಿಯುವ ಜಾಗದಲ್ಲೇ ಬೋರ್ಡ್ ಹಿಡಿದಿರುತ್ತೇವೆ ಅಂದರು. ಅವರನ್ನೇ ಹಿಡಿದೆವು. ಉತ್ತರ ಕೊಟ್ಟ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

24 ಗಂಟೆ ಮೊದಲಿನ ತನಕ ಪುಕ್ಕಟೆ ಕ್ಯಾನ್ಸಲ್ ಅಂತ ಇರುವುದನ್ನೇ ಆರಿಸಿ. ಆದರೆ ಹಡಗು ಬಂದರು ಬಿಡುವುದು ಅವತ್ತು ಬೆಳಿಗ್ಗೆ ಗೊತ್ತಾಗುವ ಸಂಗತಿ, 24 ಗಂಟೆಯ ಷರತ್ತು ಆಗ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಮೇಲಿನ ಪ್ರಶ್ನೆ ಬೇರೆಯಾಗಿ ಕೇಳಬೇಕು.

ಇಳಿಯುವ ದಿನ

ಹಡಗು ಹತ್ತುವಾಗ ಕೊಟ್ಟ ಕಾರ್ಡು ಇಲ್ಲದೆ ವಾಪಸ್ ಹತ್ತಿಸುವುದಿಲ್ಲ, ಕೊರಳಿಗೆ ಹಾಕಿಕೊಳ್ಳಿ. ಪಾಸ್‌ಪೋರ್ಟನ್ನು ಕೆಲವು ಹಡಗುಗಳಲ್ಲಿ ಅವರೇ ಇಟ್ಟುಕೊಳ್ಳುತ್ತಾರೆ. ಜೆರಾಕ್ಸ್ ಪ್ರತಿ ಮತ್ತು ಸಿಂಗಾಪುರ ವೀಸಾದ ಪ್ರಿಂಟ್ ಕೈಚೀಲದಲ್ಲಿರಲಿ. ಸಿಂಗಾಪುರದಿಂದ ಹೊರಟು ಅಲ್ಲಿಗೇ ವಾಪಸ್ ಬರುವುದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರುವಂಥದ್ದು ಆಗಿರಬೇಕು. ಮಧ್ಯದ ದೇಶಗಳ ನಿಯಮ ಆಗಾಗ ಬದಲಾಗುತ್ತವೆ, ಹೊರಡುವ ತಿಂಗಳು ಮತ್ತೊಮ್ಮೆ ನೋಡಿ.

ಫೋನು ಹಡಗಿನಲ್ಲಿ ಇರುವಷ್ಟು ಹೊತ್ತೂ ಏರೋಪ್ಲೇನ್ ಮೋಡ್‌ನಲ್ಲಿರಲಿ. ನಡುಸಮುದ್ರದಲ್ಲಿ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ. ಬಂದರಿನ ಗೇಟಿಗೆ ಅಂಟಿಕೊಂಡು ನಿಂತ ಟ್ಯಾಕ್ಸಿಯವರು ಹೇಳುವ ರೇಟಿಗೆ ತಲೆಯಾಡಿಸಬೇಡಿ, ಸ್ವಲ್ಪ ಮುಂದೆ ನಡೆದು ಆಪ್‌ನಲ್ಲಿ ಎಷ್ಟು ತೋರಿಸುತ್ತದೆ ನೋಡಿ. ಕೋಟೆ ಬಾಗಿಲಲ್ಲಿ ಗೈಡುಗಳ ಜೊತೆ ಚೌಕಾಸಿ ಮಾಡಿದ ದುರ್ಗದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಸಸ್ಯಾಹಾರಿಗಳಿಗೆ ಒಂದು ಗುರುತು. ಥಾಯ್ಲೆಂಡ್‌ನಲ್ಲಿ "ಜೇ" ಅಂತ ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಅಂಗಡಿ ಮುಂದೆ ಕಟ್ಟಿರುತ್ತಾರೆ. ಅಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬರೀ ತರಕಾರಿ ಅಂತ ಹೇಳಿ ಕೊಟ್ಟದ್ದರಲ್ಲಿ ಮೀನಿನ ಸಾಸ್ ಇರುವುದು ಮಾಮೂಲು. ಹಡಗಿನ ಟೂರ್‌ನಲ್ಲಿ ಊಟ ಸೇರಿದ್ದರೆ ಹಿಂದಿನ ದಿನವೇ ಕೌಂಟರಿನಲ್ಲಿ ಹೇಳಿಡಿ. ಬಸ್ಸಿನಲ್ಲಿ ಹೇಳಿದರೆ ಬರೀ ಅನ್ನ, ಸೌತೆಕಾಯಿ ಸಿಗುತ್ತದೆ.

ಆದರೂ ಹಡಗು ಹೋಗಿಬಿಟ್ಟರೆ

ದಿನಚರಿ ಹಾಳೆಯಲ್ಲಿ ಪೋರ್ಟ್ ಏಜೆಂಟ್ ಅಂತ ಒಂದು ಹೆಸರು, ಫೋನ್ ನಂಬರ್ ಇರುತ್ತದೆ. ಆ ಬಂದರಿನಲ್ಲಿ ಹಡಗು ಕಂಪನಿಯ ಕೆಲಸ ನೋಡಿಕೊಳ್ಳುವವರು ಅವರು. ತಡವಾಗುತ್ತದೆ ಅಂತ ಅನುಮಾನ ಬಂದ ಕೂಡಲೇ, ಹಡಗು ಇನ್ನೂ ಅಲ್ಲಿರುವಾಗಲೇ, ಅವರಿಗೆ ಫೋನ್ ಮಾಡಿ. ನಾಚಿಕೊಂಡು ಕೂರಬೇಡಿ. ನೀವು ಬಾರದೇ ಇದ್ದರೆ ಹಡಗಿನವರು ನಿಮ್ಮ ರೂಮಿನ ಲಾಕರ್ ತೆಗೆದು ಪಾಸ್‌ಪೋರ್ಟನ್ನು ಈ ಏಜೆಂಟ್ ಕೈಗೆ ಕೊಟ್ಟು ಹೋಗುವ ರೂಢಿ ಇದೆ. ಅಲ್ಲಿಂದ ಮುಂದಿನ ಬಂದರಿಗೆ ವಿಮಾನದ ಟಿಕೆಟ್, ಹೋಟೆಲು ಎಲ್ಲ ನಿಮ್ಮದೇ ಖರ್ಚು. ಫುಕೆಟ್‌ನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ ಹಡಗು ತಪ್ಪಿದ್ದಕ್ಕೆ ಕೊಡುತ್ತಾರಾ, ಯಾವ ಕಾರಣಕ್ಕೆ ಕೊಡುತ್ತಾರೆ ಅಂತ ಹೊರಡುವ ಮೊದಲೇ ಓದಿ. ಬೀಚಿನಲ್ಲಿ ಮಾವಿನಹಣ್ಣು ತಿನ್ನುತ್ತಾ ಕೂತಿದ್ದು ಆ ಕಾರಣಗಳ ಪಟ್ಟಿಯಲ್ಲಿ ಬರುವುದಿಲ್ಲ.

ಆ ದಿನಚರಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ, ಫೋಟೋವನ್ನೂ ತೆಗೆದಿಡಿ. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕಾಗುವಷ್ಟು ಕೈಚೀಲದಲ್ಲಿ ಹಾಕಿಕೊಳ್ಳಿ. ಫುಕೆಟ್‌ನಲ್ಲಿ ಆ ಕ್ಯೂನಲ್ಲಿ ನಿಂತಾಗ ನಮ್ಮ ಅತ್ತೆಯ ಮಾತ್ರೆ ಡಬ್ಬಿ ಇದ್ದದ್ದು ಹಡಗಿನ ರೂಮಿನಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಪಕ್ಕ.